ಅನರ್ಹರ ಭಯ, ಅರ್ಹರ ಹಸಿವು

ದರಿದ್ರನೊಬ್ಬನು ನೆರವನ್ನು ಬೇಡಿ ಸಮಾಜದ ಮುಂದೆ ನಿಂತಾಗ ಆ ಸಮಾಜವು ಎರಡು ಬಗೆಯ ತಪ್ಪುಗಳನ್ನು ಮಾಡಬಲ್ಲುದು. ಕೊಡಬೇಕಾಗಿಲ್ಲದವನಿಗೆ ಕೊಟ್ಟುಬಿಡುವುದು ಒಂದು. ಕೊಡಲೇಬೇಕಾದವನಿಗೆ ಕೊಡದೆ ಹೋಗುವುದು ಇನ್ನೊಂದು. ಮೊದಲನೆಯದರಿಂದ ಬೊಕ್ಕಸದ ಹಣವೋ ಕಣಜದ ಧಾನ್ಯವೋ ಒಂದಿಷ್ಟು ಪೋಲಾಗುತ್ತದೆ; ಎರಡನೆಯದರಿಂದ ಮನುಷ್ಯನೊಬ್ಬನ ಆರೋಗ್ಯ, ಅವನ ಮಕ್ಕಳ ವಿದ್ಯೆ, ಕೆಲವು ವೇಳೆ ಅವನ ಪ್ರಾಣವೇ ಹೋಗುತ್ತದೆ. ಇವೆರಡರಲ್ಲಿ ಯಾವುದು ಗುರುತರವಾದುದೆಂಬುದನ್ನು ನಿರ್ಣಯಿಸಲು ವಿಶೇಷ ಪಾಂಡಿತ್ಯವೇನೂ ಬೇಕಾಗಲಾರದು. ಹಾಗಿದ್ದರೂ ಕಳೆದ ಇನ್ನೂರು ವರ್ಷಗಳ ಚರಿತ್ರೆಯನ್ನು ಅವಲೋಕಿಸಿದರೆ, ಆಳುವವರೂ ಉಳ್ಳವರೂ ಮೊದಲನೆಯ ತಪ್ಪಿಗೇ ಅಂಜಿ, ಅದನ್ನೇ ಎಣಿಸಿ, ಅದನ್ನು ತಡೆಯುವುದಕ್ಕಾಗಿಯೇ ಕಾನೂನುಗಳನ್ನೂ ಕಚೇರಿಗಳನ್ನೂ ನಿರ್ಮಿಸಿಕೊಂಡು, ಎರಡನೆಯ ತಪ್ಪನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ಗೋಜಿಗೂ ಹೋಗದೆ ಬಂದಿರುವುದು ಕಂಡುಬರುತ್ತದೆ. ಬಡತನವನ್ನು ಕುರಿತ ನಮ್ಮ ಮನೋಭಾವದ ಮೂಲದೋಷವು ಇದೇ ಎಂಬುದು ನನ್ನ ಪ್ರತಿಪಾದನೆ.

ಈ ಭಯದ ಬೆನ್ನಿಗೆ ಒಂದು ನಂಬಿಕೆ ನಿಂತಿದೆ. ಬಡವನು ಬಡವನಾಗಿರುವುದು ತನ್ನ ಆಲಸ್ಯದಿಂದಲೋ ದುಂದುಗಾರಿಕೆಯಿಂದಲೋ ದುರ್ವ್ಯಸನದಿಂದಲೋ ಎಂಬುದೇ ಆ ನಂಬಿಕೆ. ಪಶ್ಚಿಮ ದೇಶಗಳಲ್ಲಿ ಅದು ನೀತಿಬೋಧೆಯ ಮತ್ತು ಅರ್ಥಶಾಸ್ತ್ರದ ಭಾಷೆಯನ್ನು ಆಡಿತು. ನಮ್ಮಲ್ಲಿ ಪೂರ್ವಜನ್ಮದ ಕರ್ಮ, ಹಣೆಯ ಬರಹ, ಪಡೆದುಬಂದ ಭಾಗ್ಯ ಎಂಬ ಮಾತುಗಳಲ್ಲಿ ನೆಲೆಸಿತು. ಮಾತುಗಳು ಬೇರೆಯಾದರೂ ಅವುಗಳಿಂದ ಉಳ್ಳವನಿಗೆ ದೊರೆಯುವ ಸಮಾಧಾನವು ಒಂದೇ: ತನ್ನ ಐಶ್ವರ್ಯಕ್ಕೂ ನೆರೆಯವನ ಹಸಿವಿಗೂ ಯಾವ ಸಂಬಂಧವೂ ಇಲ್ಲವೆಂದು ಅವನು ನಿಶ್ಚಿಂತನಾಗಿರಬಹುದು.

ಈ ನಂಬಿಕೆಯು ಶಾಸನದ ರೂಪವನ್ನು ತಾಳಿದ ಪ್ರಸಿದ್ಧ ನಿದರ್ಶನವೆಂದರೆ ಇಂಗ್ಲೆಂಡಿನಲ್ಲಿ 1834ರಲ್ಲಿ ಜಾರಿಗೆ ಬಂದ ಹೊಸ ಬಡವರ ಕಾನೂನು. ಸರ್ಕಾರದ ನೆರವಿನಲ್ಲಿ ಬದುಕುವವನ ಸ್ಥಿತಿಯು, ಸ್ವಂತ ದುಡಿಮೆಯಿಂದ ಬದುಕುವ ಅತ್ಯಂತ ಬಡ ಕೂಲಿಯವನ ಸ್ಥಿತಿಗಿಂತಲೂ ಹೀನವಾಗಿರತಕ್ಕದ್ದೆಂಬುದು ಅದರ ಮೂಲತತ್ತ್ವವಾಗಿತ್ತು. ನೆರವನ್ನು ಬೇಡುವವರು ವರ್ಕ್‌ಹೌಸ್ ಎಂಬ ದುಡಿಮೆಯ ಮನೆಗಳನ್ನು ಸೇರಬೇಕಾಗಿತ್ತು. ಅಲ್ಲಿ ಗಂಡಹೆಂಡಿರನ್ನು ಅಗಲಿಸಿ, ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಇಡುತ್ತಿದ್ದರು. ನಿಜವಾಗಿ ಗತಿಯಿಲ್ಲದವನಲ್ಲದೆ ಮತ್ತಾರೂ ಅಂಥ ಮನೆಯ ಬಾಗಿಲಿಗೆ ಬರಲಾರನೆಂಬುದು ಆ ಏರ್ಪಾಟಿನ ಹಿಂದಿದ್ದ ತರ್ಕ. 1845ರಲ್ಲಿ ಆಂಡೋವರ್ ಎಂಬ ಊರಿನ ದುಡಿಮೆಯ ಮನೆಯಲ್ಲಿ, ಗೊಬ್ಬರಕ್ಕಾಗಿ ಮೂಳೆಗಳನ್ನು ಕುಟ್ಟುವ ಕೆಲಸಕ್ಕೆ ಹಚ್ಚಲ್ಪಟ್ಟಿದ್ದ ಜನರು ಹಸಿವನ್ನು ತಾಳಲಾರದೆ ಆ ಕೊಳೆತ ಮೂಳೆಗಳಿಗೆ ಅಂಟಿದ್ದ ಮಾಂಸವನ್ನೂ ಮಜ್ಜೆಯನ್ನೂ ಕಿತ್ತು ತಿನ್ನುತ್ತಿದ್ದರೆಂಬ ಸಂಗತಿಯು ಹೊರಬಿದ್ದಾಗ ಆ ದೇಶವೇ ತಲೆತಗ್ಗಿಸಬೇಕಾಯಿತು. ಅನರ್ಹನೊಬ್ಬನೂ ಒಳಗೆ ಬಾರದಂತೆ ಕಟ್ಟಿದ ಗೋಡೆಯು ಅರ್ಹನನ್ನು ಎಂತಹ ಅಧೋಗತಿಗೆ ಇಳಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವು ಬೇಕಾಗಿಲ್ಲ.

ಅದೇ ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಘೋರವಾದ ಕ್ಷಾಮವು ಆರಂಭವಾಯಿತು. 1847ರ ಬೇಸಗೆಯಲ್ಲಿ ಸರ್ಕಾರವು ಗಂಜಿಕೇಂದ್ರಗಳನ್ನು ತೆರೆದು ಒಂದು ಘಟ್ಟದಲ್ಲಿ ದಿನವೊಂದಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಬಡಿಸಿತು. ಮನಸ್ಸು ಮಾಡಿದರೆ ಉಣಬಡಿಸುವುದು ಸಾಧ್ಯವೆಂಬುದಕ್ಕೆ ಇದೇ ಪ್ರಮಾಣ. ಆದರೆ ಜನರು ಪರಾವಲಂಬಿಗಳಾಗುವರೆಂಬ ಶಂಕೆಯಿಂದಲೂ ಖರ್ಚಿನ ಚಿಂತೆಯಿಂದಲೂ ಆ ಕೇಂದ್ರಗಳನ್ನು ಅದೇ ವರ್ಷದ ಶರತ್ಕಾಲದ ವೇಳೆಗೆ ಮುಚ್ಚಿಬಿಟ್ಟರು. ಅಷ್ಟರಲ್ಲಿಯೇ, ಕಾಲು ಎಕರೆಗಿಂತ ಹೆಚ್ಚು ನೆಲವನ್ನು ಹಿಡಿದಿರುವ ಒಕ್ಕಲಿಗೆ ನೆರವು ಸಲ್ಲದೆಂಬ ನಿಬಂಧನೆಯೂ ಬಂದಿತ್ತು. ಇಂದಿನ ತುತ್ತನ್ನು ಪಡೆಯಬೇಕಾದರೆ ನಾಳೆಯ ಅನ್ನಕ್ಕೆ ಆಧಾರವಾದ ಭೂಮಿಯನ್ನು ಬಿಟ್ಟುಕೊಟ್ಟು, ತಾನು ಸಂಪೂರ್ಣ ನಿರ್ಗತಿಕನೆಂದು ಸಿದ್ಧಪಡಿಸಬೇಕಾಗಿತ್ತು. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಸತ್ತರು. ಹೆಚ್ಚುಕಡಿಮೆ ಅಷ್ಟೇ ಮಂದಿ ದೇಶವನ್ನು ಬಿಟ್ಟು ಹೋದರು.

ಹಡಗನ್ನೇರಿ ಭಾರತಕ್ಕೂ ಬಂದ ಈ ವಿಚಾರಸರಣಿಯು ಇಲ್ಲಿ ಮಾಡಿದ ಅನಾಹುತವನ್ನು ತಿಳಿಯಲು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ವೃತ್ತಾಂತವನ್ನು ನೋಡಬೇಕು. 1873-74ರಲ್ಲಿ ಬಿಹಾರಕ್ಕೆ ಬರ ಬಂದಾಗ ಪರಿಹಾರಕಾರ್ಯದ ಹೊಣೆಯನ್ನು ಹೊತ್ತ ಈತನು ಬರ್ಮಾ ದೇಶದಿಂದ ಸುಮಾರು 4.5 ಲಕ್ಷ ಟನ್ನು ಅಕ್ಕಿಯನ್ನು ತರಿಸಿ, ಧಾರಾಳವಾಗಿ ಹಂಚಿ, ಹಸಿವಿನ ಸಾವುಗಳು ತೀರ ವಿರಳವಾಗುವಂತೆ ನೋಡಿಕೊಂಡನು. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಇಂಥ ಸಾಧನೆಯು ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ಆದರೆ ಕ್ಷಾಮವು ಮುಗಿದ ಮೇಲೆ ಕೊಂಚ ಅಕ್ಕಿ ಮಿಕ್ಕಿತು. ಇಂಗ್ಲೆಂಡಿನ ಪತ್ರಿಕೆಗಳೂ ಮೇಲಧಿಕಾರಿಗಳೂ ಅವನನ್ನು ದುಂದುಗಾರನೆಂದು ಖಂಡಿಸಿದರು. ಬದುಕಿ ಉಳಿದ ಲಕ್ಷಾಂತರ ಜನರ ಕಡೆಗೆ ಯಾರ ದೃಷ್ಟಿಯೂ ಹರಿಯಲಿಲ್ಲ. ಮಿಕ್ಕುಳಿದ ಅಕ್ಕಿಯು ಮಾತ್ರ ಎಲ್ಲರಿಗೂ ಕಾಣಿಸಿತು.

ಎರಡು ವರ್ಷಗಳು ಕಳೆಯುವಷ್ಟರಲ್ಲಿ, 1876ರಲ್ಲಿ, ದಕ್ಷಿಣಾಪಥದಲ್ಲಿ ಮಳೆ ಕೈಕೊಟ್ಟಿತು. ಬಳ್ಳಾರಿ ಸೇರಿದಂತೆ ಮದರಾಸು ಪ್ರಾಂತದ ಒಳನಾಡುಗಳೂ, ಮುಂಬಯಿ ಪ್ರಾಂತದ ಧಾರವಾಡ, ವಿಜಾಪುರದ ಸೀಮೆಗಳೂ, ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವೂ ಏಕಕಾಲದಲ್ಲಿ ಬರಕ್ಕೆ ಸಿಕ್ಕಿದವು. ನಮ್ಮ ಹಿರಿಯರು ಆ ಎರಡು ಸಂವತ್ಸರಗಳ ಹೆಸರನ್ನು ಹಿಡಿದು ಧಾತು ಈಶ್ವರ ಬರವೆಂದು ಕರೆದು ನೆನಪಿನಲ್ಲಿಟ್ಟುಕೊಂಡದ್ದು ಇದನ್ನೇ. 1877ರ ಜನವರಿ 1ರಂದು ವೈಸರಾಯ್ ಲಿಟ್ಟನನು ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿಯೆಂದು ಘೋಷಿಸಿದನು. ಅದೇ ತಿಂಗಳು ಖರ್ಚಿನ ಮಿತವ್ಯಯವನ್ನು ನೋಡಿಕೊಳ್ಳಲು ಟೆಂಪಲನನ್ನೇ ದಕ್ಷಿಣಕ್ಕೆ ಕಳುಹಿಸಿದನು. ಬಿಹಾರದಲ್ಲಿ ಪೆಟ್ಟು ತಿಂದು ಪಾಠ ಕಲಿತಿದ್ದ ಟೆಂಪಲನು ಈ ಸಲ ಬಿಗಿಯಾದ ಕೈಯವನಾದನು. ಪರಿಹಾರಕಾಮಗಾರಿಯಲ್ಲಿ ದಿನವಿಡೀ ಬಿಸಿಲಿನಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಕೆಂದು ಅವನು ನಿಗದಿಮಾಡಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ವೈದ್ಯ ಕಾರ್ನಿಷನು, ಈ ಆಹಾರದಿಂದ ದುಡಿಯುವ ದೇಹವು ಉಳಿಯಲಾರದೆಂದು ಕಂಕಾಲಗಳಾಗಿದ್ದ ಕೂಲಿಯಾಳುಗಳ ಸ್ಥಿತಿಯನ್ನು ಮುಂದಿಟ್ಟು ಪ್ರತಿಭಟಿಸಿದನು. ಕೆಲವು ತಿಂಗಳುಗಳ ಮೇಲೆ ಪಡಿಯನ್ನು ಹೆಚ್ಚಿಸಿದರಾದರೂ ಅಷ್ಟರಲ್ಲಿ ಎಷ್ಟೋ ಜನರು ಸತ್ತುಹೋಗಿದ್ದರು. ಟೆಂಪಲನು ಅದೇ ವರ್ಷ ಮುಂಬಯಿಯ ಗವರ್ನರನಾದನು.

ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರ ಗಣತಿಯಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳ ಸಹಜವಾದ ಏರಿಕೆಯಿರಲಿ, ಇದ್ದವರಲ್ಲಿಯೇ ಆರರಲ್ಲಿ ಒಬ್ಬರಂತೆ ಲೆಕ್ಕದಿಂದ ಮಾಯವಾದರು. ಬಿಹಾರದಲ್ಲಿ ಟೆಂಪಲನು ಮಾಡಿದ್ದು ಮೊದಲನೆಯ ಬಗೆಯ ತಪ್ಪು. ಅದಕ್ಕೆ ಅವನಿಗೆ ಛೀಮಾರಿ ದೊರೆಯಿತು. ದಕ್ಷಿಣದಲ್ಲಿ ಮಾಡಿದ್ದು ಎರಡನೆಯ ಬಗೆಯದು. ಅದರಿಂದ ಅವನ ಏಳಿಗೆಗೆ ಕುಂದೇನೂ ಬರಲಿಲ್ಲ. ಒಂದೇ ಮನುಷ್ಯನು ಎರಡು ಬರಗಳಲ್ಲಿ ಅಷ್ಟು ಭಿನ್ನವಾಗಿ ವರ್ತಿಸಿದುದಕ್ಕೆ ಅವನ ಹೃದಯವನ್ನು ಶೋಧಿಸುವ ಅಗತ್ಯವಿಲ್ಲ. ಅವನನ್ನು ನೇಮಿಸಿದ ಸಮಾಜವು ಯಾವ ತಪ್ಪನ್ನು ಶಿಕ್ಷಿಸುತ್ತಿತ್ತು, ಯಾವುದನ್ನು ಕ್ಷಮಿಸುತ್ತಿತ್ತು ಎಂಬುದನ್ನು ಅರಿತರೆ ಸಾಕು.

ಆ ದುರಂತದ ಅನಂತರ 1880ರಲ್ಲಿ ಕ್ಷಾಮ ಆಯೋಗವು ವರದಿಯನ್ನು ಕೊಟ್ಟ ಮೇಲೆ, ಬರಗಾಲದಲ್ಲಿ ಪ್ರಾಣರಕ್ಷಣೆಯು ಸರ್ಕಾರದ ಕರ್ತವ್ಯವೆಂಬ ತತ್ತ್ವವು ಕ್ಷಾಮಸಂಹಿತೆಗಳಲ್ಲಿ ಸೇರಿತು. ಆದರೂ ಕ್ಷಾಮಗಳು ನಿಲ್ಲಲಿಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ, ಸುಮಾರು 30 ಲಕ್ಷ ಜನರನ್ನು ಬಲಿತೆಗೆದುಕೊಂಡ 1943ರ ಬಂಗಾಳದ ಕ್ಷಾಮವನ್ನು ಪರೀಕ್ಷಿಸಿ, ಆ ವರ್ಷ ಅಲ್ಲಿದ್ದ ಆಹಾರವು ಕ್ಷಾಮವಿಲ್ಲದ 1941ರಲ್ಲಿದ್ದುದಕ್ಕಿಂತ ಕಡಿಮೆಯಾಗಿರಲಿಲ್ಲವೆಂದು ತೋರಿಸಿದರು. ಕೊರತೆಯಿದ್ದುದು ಧಾನ್ಯಕ್ಕಲ್ಲ, ಅದನ್ನು ಪಡೆಯುವ ಶಕ್ತಿಗೆ, ಹಕ್ಕಿಗೆ. ಬೆಲೆ ಏರಿತು, ಕೂಲಿ ಏರಲಿಲ್ಲ. ಬೆಸ್ತನೂ ಕೃಷಿಕಾರ್ಮಿಕನೂ ಸತ್ತರು. ಅವರಲ್ಲಿ ಯಾರ ನಡತೆಯೂ ಹಿಂದಿನ ವರ್ಷಕ್ಕಿಂತ ಕೆಟ್ಟಿರಲಿಲ್ಲ.

ಇದೆಲ್ಲವೂ ಪರಕೀಯರ ಆಡಳಿತದ ಪಾಪವೆಂದು ಹೇಳಿ ಕೈತೊಳೆದುಕೊಳ್ಳಲು ನಮಗೆ ಅಧಿಕಾರವಿಲ್ಲ. ಸ್ವತಂತ್ರ ಭಾರತದಲ್ಲಿ, 1959ರಲ್ಲಿ ಮುಂಬಯಿ ರಾಜ್ಯವು ಮಾಡಿದ ಭಿಕ್ಷಾಟನೆ ತಡೆ ಕಾನೂನು ಅನೇಕ ಕಡೆಗಳಿಗೆ ವ್ಯಾಪಿಸಿತು. ಕರ್ನಾಟಕವು 1975ರಲ್ಲಿ ಅಂಥದೇ ಕಾನೂನನ್ನು ರಚಿಸಿಕೊಂಡಿತು. ಇವುಗಳ ಪ್ರಕಾರ ಬೇಡುವವನನ್ನು ಹಿಡಿದು, ವಿಚಾರಣೆ ನಡೆಸಿ, ಕೇಂದ್ರಗಳಲ್ಲಿ ಕೂಡಿಹಾಕಬಹುದಾಗಿದೆ. ಪುನರ್ವಸತಿಯ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಸಿವನ್ನು ಅಪರಾಧದ ಸಾಲಿಗೆ ಸೇರಿಸಿ, ಅನಂತರ ಅದಕ್ಕೆ ಔಷಧವನ್ನು ಹುಡುಕುವುದು ನ್ಯಾಯದ ಕ್ರಮವಾಗಲಾರದು. ದಿಲ್ಲಿಯ ಉಚ್ಚ ನ್ಯಾಯಾಲಯವು 2018ರ ಆಗಸ್ಟಿನಲ್ಲಿ, ಅಲ್ಲಿ ಭಿಕ್ಷಾಟನೆಯನ್ನು ಅಪರಾಧವನ್ನಾಗಿಸಿದ ನಿಬಂಧನೆಗಳನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಕೋವಿಡ್ ಮಹಾಮಾರಿಯ ಕಾಲದಲ್ಲಿ ರಸ್ತೆಗಳಿಂದ ಭಿಕ್ಷುಕರನ್ನು ತೆರವುಗೊಳಿಸಬೇಕೆಂಬ ಪ್ರಾರ್ಥನೆಯು 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಇದು ಸಾಮಾಜಿಕ ಆರ್ಥಿಕ ಸಮಸ್ಯೆಯೆಂದು ಹೇಳಿ ಆ ಪೀಠವು ಅಂಥ ಆಜ್ಞೆಯನ್ನು ಕೊಡಲು ನಿರಾಕರಿಸಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕದೊಡನೆ ದಾಸೋಹವನ್ನು ಕಟ್ಟಿಕೊಟ್ಟು, ದುಡಿದು ಬಂದುದರಲ್ಲಿ ಹಸಿದವನ ಪಾಲೂ ಇದೆಯೆಂದು ಸಾರಿದ ನಾಡಿನಲ್ಲಿ, ಈ ತಿಳಿವಳಿಕೆಯನ್ನು ನ್ಯಾಯಾಲಯಗಳು ನೆನಪಿಸಬೇಕಾಗಿ ಬಂದುದು ವಿಷಾದದ ಸಂಗತಿ.

ಈಗ ಬಡವನ ಆಲಸ್ಯವೆಂಬ ಆರೋಪವನ್ನೇ ನೇರವಾಗಿ ಪರೀಕ್ಷಿಸೋಣ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಂಬಿ ಬೆಳೆದವರು ನಾವು. ಆದರೆ ಹೊಲದಲ್ಲಿ ನಾಟಿ ಮಾಡುವ, ಇಟ್ಟಿಗೆಯ ಗೂಡಿನಲ್ಲಿ ಬೇಯುವ, ಪಟ್ಟಣದ ಚರಂಡಿಗೆ ಇಳಿಯುವ ಕೈಗಳೇ ಎಲ್ಲಕ್ಕಿಂತ ಹೆಚ್ಚು ಕೆಸರಾಗಿರುವುದನ್ನೂ, ಆ ಬಾಯಿಗಳಿಗೆ ಮೊಸರು ಎಲ್ಲಕ್ಕಿಂತ ಕಡಿಮೆ ಸಿಕ್ಕುವುದನ್ನೂ ಕಣ್ಣಿದ್ದವರೆಲ್ಲರೂ ಬಲ್ಲರು. ಸೀಬೋಮ್ ರೌಂಟ್ರಿ ಎಂಬಾತನು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕಾರ್ಮಿಕರ ಮನೆಮನೆಯನ್ನೂ ಪರಿಶೀಲಿಸಿ 1901ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಆ ಊರಿನ ಜನರಲ್ಲಿ ಸುಮಾರು ಶೇಕಡ 28ರಷ್ಟು ಮಂದಿ ಬಡತನದಲ್ಲಿದ್ದರು. ಅವರಲ್ಲಿ, ಬರುವ ಆದಾಯವು ಜೀವಧಾರಣೆಗೇ ಸಾಲದಂಥ ಕಡುಬಡವರ ಪೈಕಿ ಅರ್ಧಕ್ಕೂ ಹೆಚ್ಚು ಜನರ ದುಃಸ್ಥಿತಿಗೆ ಕಾರಣವು ನಿತ್ಯವೂ ದುಡಿಯುತ್ತಿದ್ದ ಮನೆಯ ಯಜಮಾನನಿಗೆ ಸಿಕ್ಕುತ್ತಿದ್ದ ಕೂಲಿಯ ಅಲ್ಪತೆಯೇ ಆಗಿತ್ತು. ನಮ್ಮ ಕಾಲದ ಶೋಧನೆಗಳೂ ಇದನ್ನೇ ಸಮರ್ಥಿಸುತ್ತವೆ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿಯವರೂ ಅವರ ಸಂಗಡಿಗರೂ ಆರು ಬಡ ದೇಶಗಳಲ್ಲಿ ನಡೆದ ನಗದು ನೆರವಿನ ಏಳು ಪ್ರಯೋಗಗಳನ್ನು ಪರಿಶೀಲಿಸಿ, ಹಣ ಪಡೆದವರು ದುಡಿಮೆಯನ್ನು ಬಿಟ್ಟರೆಂಬುದಕ್ಕೆ ವ್ಯವಸ್ಥಿತವಾದ ಆಧಾರವೇ ಇಲ್ಲವೆಂದು ಕಂಡರು. ಅಂಥ ಹಣವು ಹೆಂಡಕ್ಕೂ ತಂಬಾಕಿಗೂ ಹೋಗುತ್ತದೆಂಬ ಮಾತನ್ನು ವಿಶ್ವಬ್ಯಾಂಕಿನ ಸಂಶೋಧಕರಿಬ್ಬರು ಹಲವು ಖಂಡಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದಾಗ, ಆ ಖರ್ಚು ಏರಿದುದು ಕಂಡುಬರಲಿಲ್ಲ.

ಇವೆಲ್ಲಕ್ಕಿಂತಲೂ ಮನಸ್ಸನ್ನು ತಟ್ಟುವುದು 2013ರಲ್ಲಿ ಪ್ರಕಟವಾದ, ತಮಿಳುನಾಡಿನ ಕಬ್ಬುಬೆಳೆಗಾರರನ್ನು ಕುರಿತ ಒಂದು ಅಧ್ಯಯನ. ಕಬ್ಬು ಕಟಾವಾಗುವುದಕ್ಕೆ ಮುಂಚೆ ಕೈಯಲ್ಲಿ ಕಾಸಿಲ್ಲದಿರುವಾಗ ಒಮ್ಮೆ, ಹಣ ಬಂದ ಮೇಲೆ ಇನ್ನೊಮ್ಮೆ, ಅದೇ ರೈತರ ಬುದ್ಧಿಶಕ್ತಿಯನ್ನು ಸಂಶೋಧಕರು ಪರೀಕ್ಷಿಸಿದರು. ಹಣವಿದ್ದಾಗ ಅವರು ಹೆಚ್ಚು ಚೆನ್ನಾಗಿ ಯೋಚಿಸಬಲ್ಲವರಾಗಿದ್ದರು. ಮನುಷ್ಯರು ಅವರೇ, ಹೊಲವೂ ಅದೇ. ಬದಲಾದುದು ಮನಸ್ಸಿನ ಮೇಲಿದ್ದ ಚಿಂತೆಯ ಭಾರ. ಬಡವನ ಅವಿವೇಕವೇ ಅವನ ಬಡತನಕ್ಕೆ ಕಾರಣವೆಂದು ನಾವು ತಿಳಿದಿದ್ದೆವು. ಅನೇಕ ವೇಳೆ ಆ ಅವಿವೇಕವು ಬಡತನದ ಫಲವೆಂದು ಈ ಪರೀಕ್ಷೆಯು ಸೂಚಿಸುತ್ತದೆ. ಕಾರ್ಯವನ್ನೇ ಕಾರಣವೆಂದು ಭಾವಿಸಿ ತೀರ್ಪು ಕೊಡುವುದು ತರ್ಕದೋಷವಷ್ಟೇ ಆಗಿರದೆ ಅನ್ಯಾಯವೂ ಆಗುತ್ತದೆ.

ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಯೋಜನೆಯಡಿ ಕಿಲೋವಿಗೆ ಒಂದು ರೂಪಾಯಿಯಂತೆ ಅಕ್ಕಿಯನ್ನು ಕೊಡಲಾರಂಭಿಸಿದಾಗ, ಜನರು ಸೋಮಾರಿಗಳಾಗುತ್ತಾರೆ, ಕೂಲಿಗೆ ಆಳು ಸಿಗುವುದಿಲ್ಲ ಎಂಬ ದೂರು ಊರೂರುಗಳಲ್ಲಿ ಕೇಳಿಬಂದಿತು. ಆ ದೂರನ್ನು ಹೇಳಿದವರಲ್ಲಿ ಸ್ವತಃ ಕಷ್ಟದಲ್ಲಿದ್ದ ಸಣ್ಣ ಹಿಡುವಳಿದಾರರೂ ಇದ್ದರು. ಬೆಳೆಗೆ ಬೆಲೆಯಿಲ್ಲದೆ ಕೂಲಿಯನ್ನು ಏರಿಸಲಾರದ ಅವರ ಸಂಕಟವು ನಿಜವಾದುದು. ಆದರೆ ದೂರಿನ ಒಳಗಿರುವ ಅರ್ಥವನ್ನು ಬಿಡಿಸಿ ನೋಡಬೇಕು. ಮನೆಯಲ್ಲಿ ಒಂದು ತಿಂಗಳ ಅಕ್ಕಿಯಿರುವ ಹೆಣ್ಣಾಳು, ಕೊಟ್ಟಷ್ಟು ಕೂಲಿಗೆ ಒಪ್ಪಿ ಬರುವ ಅನಿವಾರ್ಯದಿಂದ ಪಾರಾಗಿ, ಇಷ್ಟಾದರೆ ಬರುವೆನೆಂದು ಹೇಳಬಲ್ಲವಳಾಗುತ್ತಾಳೆ. ವ್ಯಾಪಾರಿಯು ಬೆಲೆ ಬರುವವರೆಗೆ ಸರಕನ್ನು ತಡೆದಿಟ್ಟುಕೊಂಡರೆ ಅವನನ್ನು ಚತುರನೆನ್ನುವ ನಾವು, ತನ್ನ ಏಕೈಕ ಸರಕಾದ ದುಡಿಮೆಯನ್ನು ಆಕೆ ತಡೆದಿಟ್ಟುಕೊಂಡರೆ ಸೋಮಾರಿಯೆನ್ನುವುದು ಯಾವ ನ್ಯಾಯ? ಹಸಿವಿನ ಚಾವಟಿಯಿಲ್ಲದೆ ನಡೆಯಲಾರದ ಬೇಸಾಯವಿದ್ದರೆ, ಬದಲಿಸಬೇಕಾದುದು ಬೆಳೆಗಾರನಿಗೆ ಸಿಕ್ಕುವ ಬೆಲೆಯನ್ನು. ಕೂಲಿಯವಳ ತುತ್ತನ್ನು ಕಸಿಯುವುದರಿಂದ ಇಬ್ಬರಲ್ಲಿ ಯಾರೂ ಉದ್ಧಾರವಾಗರು.

ದೇಶದೊಳಗೆ ಉಳ್ಳವರು ಬಡವರನ್ನು ನೋಡುವ ರೀತಿಯಲ್ಲಿಯೇ ಜಗತ್ತಿನ ಸಿರಿವಂತ ರಾಷ್ಟ್ರಗಳು ಬಡ ರಾಷ್ಟ್ರಗಳನ್ನು ನೋಡುತ್ತಿವೆ. ತಮ್ಮ ರಾಷ್ಟ್ರೀಯ ಆದಾಯದಲ್ಲಿ ಶೇಕಡ 0.7ರಷ್ಟನ್ನು ನೆರವಿಗಾಗಿ ಮೀಸಲಿಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯು 1970ರಲ್ಲಿ ಗೊತ್ತುಪಡಿಸಿದ ಗುರಿಯನ್ನು ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಂಥ ಬೆರಳೆಣಿಕೆಯ ದೇಶಗಳು ಮಾತ್ರ ಮುಟ್ಟಿವೆ. 1961ರಲ್ಲಿ ಸ್ಥಾಪಿತವಾಗಿದ್ದ ಅಮೆರಿಕದ ವಿದೇಶೀ ನೆರವಿನ ಸಂಸ್ಥೆಯನ್ನು 2025ರಲ್ಲಿ ಮುಚ್ಚಿದಾಗ ಮುಂದಿಟ್ಟ ಮುಖ್ಯ ಕಾರಣಗಳಲ್ಲಿ ಪೋಲು ಮತ್ತು ವಂಚನೆಗಳೂ ಸೇರಿದ್ದವು. ಆ ಸಂಸ್ಥೆಯು ದೋಷರಹಿತವಾಗಿತ್ತೆಂದು ಯಾರೂ ಹೇಳಲಾರರು. ಆದರೆ ಆಫ್ರಿಕದ ಆಸ್ಪತ್ರೆಗಳಲ್ಲಿ ಔಷಧವು ನಿಂತುಹೋದರೆ ಆಗುವ ನಷ್ಟವನ್ನು, ಪೋಲಾದ ಹಣದ ಎದುರಿಗಿಟ್ಟು ಎಣಿಸದೆಯೇ ಬಾಗಿಲು ಹಾಕಲಾಯಿತು. ಟೆಂಪಲನ ಕಾಲದ ಲೆಕ್ಕದ ಕ್ರಮವೇ ಇದು.

ಬಡತನವು ಸ್ವಭಾವದೋಷವಾಗಿದ್ದಿದ್ದರೆ ಈಚಿನ ಚರಿತ್ರೆಯನ್ನು ವಿವರಿಸುವುದೇ ಅಸಾಧ್ಯವಾಗುತ್ತಿತ್ತು. ವಿಶ್ವಬ್ಯಾಂಕು 2025ಕ್ಕೆ ಮುಂಚೆ ಬಳಸುತ್ತಿದ್ದ ಮಾನದಂಡದಂತೆ, 1990ರಲ್ಲಿ ಭೂಮಂಡಲದ ಜನರಲ್ಲಿ ಮೂರರಲ್ಲೊಂದು ಪಾಲಿಗೂ ಮಿಗಿಲಾದವರು ಕಡುಬಡತನದಲ್ಲಿದ್ದರು. 2019ರ ವೇಳೆಗೆ ಅವರ ಪ್ರಮಾಣವು ಹತ್ತರಲ್ಲೊಂದಕ್ಕಿಂತ ಕೆಳಗಿಳಿಯಿತು. ಚೀನದಲ್ಲಿ 1978ರ ಅನಂತರ ಭೂಮಿಯ ಸಾಗುವಳಿಯು ಒಕ್ಕಲು ಕುಟುಂಬಗಳ ಕೈಗೆ ಬಂದಿತು, ಕಾರ್ಖಾನೆಗಳು ಎದ್ದವು, ಕೂಲಿ ಏರಿತು. ಸುಮಾರು ನಾಲ್ಕು ದಶಕಗಳಲ್ಲಿ 80 ಕೋಟಿಯಷ್ಟು ಜನರು ಆ ಕೂಪದಿಂದ ಮೇಲೆದ್ದರು. ಅವರೆಲ್ಲರೂ ಮೊದಲು ಆಲಸಿಗಳಾಗಿದ್ದು ಅನಂತರ ಉದ್ಯೋಗಶೀಲರಾದರೆಂದು ವಿವೇಕಿಯಾದವನು ಹೇಳಲಾರನು. ನೆಲ, ಶಾಲೆ, ರಸ್ತೆ, ಕೂಲಿ, ಚಿಕಿತ್ಸೆ ಇವು ದೊರೆತಾಗ ಅದೇ ಜನ ಅದೇ ಕೈಗಳಿಂದ ಬದುಕನ್ನು ಕಟ್ಟಿಕೊಂಡರು. 2025ರಲ್ಲಿ ವಿಶ್ವಬ್ಯಾಂಕು ರೇಖೆಯನ್ನು ದಿನಕ್ಕೆ 3 ಡಾಲರುಗಳಿಗೆ ಏರಿಸಿದ ಮೇಲೆ, ಅದರ ಕೆಳಗೆ ಸುಮಾರು 80 ಕೋಟಿ ಜನರಿದ್ದಾರೆಂದು ಎಣಿಸಲಾಗಿದೆ. ಅವರಲ್ಲಿ ಬಹುಪಾಲು ಇರುವುದು ಸಹರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದಲ್ಲಿ. ಅವರಿಗೆ ದೊರೆಯಬೇಕಾದುದೂ ಇವೇ.

ಇಷ್ಟನ್ನೂ ಒಪ್ಪಿದ ಮೇಲೆಯೂ ಒಂದು ಗಂಭೀರವಾದ ಆಕ್ಷೇಪವು ಉಳಿಯುತ್ತದೆ. ಬೊಕ್ಕಸವು ಅಕ್ಷಯಪಾತ್ರೆಯಲ್ಲ, ಉಳ್ಳವರು ಸುಳ್ಳು ದಾಖಲೆ ಕೊಟ್ಟು ಬಡವರ ಪಾಲನ್ನು ಹೊಡೆಯುವುದೂ ಸುಳ್ಳಲ್ಲ, ಆದುದರಿಂದ ಪರೀಕ್ಷೆಯಿಲ್ಲದೆ ಕೊಡುವುದು ಹೇಗೆ? ಪರೀಕ್ಷೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಆದರೆ ಪರೀಕ್ಷೆಯ ಕಾಠಿಣ್ಯವು ಹೆಚ್ಚಿದಷ್ಟೂ ಅದರಲ್ಲಿ ಮೊದಲು ಸೋಲುವವನು ವಂಚಕನಾಗಿರುವುದಿಲ್ಲ. ವಂಚಕನಿಗೆ ಓದುಬರಹ ಬರುತ್ತದೆ, ದಲ್ಲಾಳಿಯ ಪರಿಚಯವಿದೆ, ಕಚೇರಿಗೆ ಹತ್ತು ಸಲ ಅಲೆಯಲು ಬಿಡುವಿದೆ. ಕೂಲಿಯನ್ನು ಬಿಟ್ಟು ತಾಲ್ಲೂಕು ಕಚೇರಿಗೆ ಬರಲಾರದ ವಿಧವೆ, ದುಡಿದು ದುಡಿದು ಬೆರಳಿನ ಗೆರೆಗಳು ಸವೆದು ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಹೊಂದದ ಮುದುಕ, ಊರಿಂದೂರಿಗೆ ಗುಳೆ ಹೋಗುವ ಸಂಸಾರ, ಇವರೇ ಬಾಗಿಲಾಚೆ ಉಳಿಯುವವರು. 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಅನರ್ಹರೆಂದು ಬಿಪಿಎಲ್ ಪಡಿತರ ಚೀಟಿಗಳನ್ನು ರದ್ದುಪಡಿಸುತ್ತಾ ಹೋದಾಗ, ಅರ್ಹರ ಚೀಟಿಗಳೂ ಹೋದುವೆಂಬ ಕೂಗೆದ್ದು, ಅವನ್ನು ಮರಳಿ ಕೊಡಬೇಕೆಂದು ಸರ್ಕಾರವೇ ಹೇಳಬೇಕಾಯಿತು.

ಪರೀಕ್ಷೆಯಿಲ್ಲದೆಯೂ ಕೊಡಬಹುದೆಂಬುದಕ್ಕೆ ನಮ್ಮ ಶಾಲೆಗಳ ಬಿಸಿಯೂಟವೇ ನಿದರ್ಶನ. ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಕೊಟ್ಟ ಆಜ್ಞೆಯ ಬಳಿಕ ಕರ್ನಾಟಕದಲ್ಲಿ 2002ರಿಂದ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಅದು ಮೊದಲಾಯಿತು. ಅಲ್ಲಿ ಯಾವ ಮಗುವೂ ತಂದೆಯ ಆದಾಯದ ಪ್ರಮಾಣಪತ್ರವನ್ನು ತೋರಿಸಿ ತಟ್ಟೆ ಹಿಡಿಯಬೇಕಾಗಿಲ್ಲ. ಪಂಕ್ತಿಯಲ್ಲಿ ಕುಳಿತವರೆಲ್ಲರೂ ಉಣ್ಣುತ್ತಾರೆ. ಸ್ವಲ್ಪ ಅನುಕೂಲವಿದ್ದ ಮನೆಯ ಮಗುವೂ ಉಂಡಿತೆಂಬುದರಿಂದ ರಾಜ್ಯವು ದಿವಾಳಿಯಾಗಲಿಲ್ಲ. ಹಸಿದ ಮಗುವು ತಾನು ಹಸಿದಿರುವುದಾಗಿ ಎಲ್ಲರೆದುರು ಒಪ್ಪಿಕೊಳ್ಳಬೇಕಾದ ಅವಮಾನವು ಮಾತ್ರ ತಪ್ಪಿತು. ಮೊದಲನೆಯ ಬಗೆಯ ತಪ್ಪನ್ನು ತಿಳಿದೂ ಸಹಿಸಿಕೊಂಡು ಎರಡನೆಯದನ್ನು ನಿವಾರಿಸುವ ಈ ವಿವೇಕವು, ವೃದ್ಧಾಪ್ಯವೇತನ, ಪಡಿತರ, ಚಿಕಿತ್ಸೆಗಳಿಗೂ ಸಾಧ್ಯವಾದಷ್ಟು ವಿಸ್ತರಿಸತಕ್ಕದ್ದು.

ಎಲ್ಲಿ ಪರೀಕ್ಷೆಯು ಅನಿವಾರ್ಯವೋ ಅಲ್ಲಿ ಒಂದು ನಿಯಮವನ್ನಾದರೂ ನಾವು ಒತ್ತಾಯಿಸಬೇಕು. ರದ್ದುಪಡಿಸಿದ ಅನರ್ಹರ ಸಂಖ್ಯೆಯನ್ನು ಸರ್ಕಾರವು ಪ್ರಕಟಿಸುವಾಗಲೆಲ್ಲ, ಅದರ ಪಕ್ಕದಲ್ಲಿಯೇ, ಅರ್ಹರಾಗಿದ್ದೂ ಹೊರಗುಳಿದವರ ಸಂಖ್ಯೆಯನ್ನು ಊರೂರಿನಲ್ಲಿ ವಿಚಾರಿಸಿ ಪ್ರಕಟಿಸತಕ್ಕದ್ದು. ಅಧಿಕಾರಿಯ ದಕ್ಷತೆಯನ್ನು ಅಳೆಯುವಾಗ ಉಳಿಸಿದ ಹಣಕ್ಕೆ ಎಷ್ಟು ಮನ್ನಣೆಯೋ, ತಲುಪಿಸದೆ ಬಿಟ್ಟ ಅನ್ನಕ್ಕೆ ಅಷ್ಟೇ ಹೊಣೆಯನ್ನೂ ಅವನ ಮೇಲೆ ಹೊರಿಸತಕ್ಕದ್ದು. ಮೊದಲನೆಯ ಅಂಕಿಯನ್ನೇ ಕೇಳುವ ಜನರಿಗೆ ಮೊದಲನೆಯ ಅಂಕಿಯನ್ನೇ ತಗ್ಗಿಸುವ ಅಧಿಕಾರಿಗಳು ದೊರೆಯುತ್ತಾರೆ. ಎರಡನ್ನೂ ಕೇಳಲು ನಾವು ಕಲಿತ ದಿನ ಬಡವರ ವಿಷಯದಲ್ಲಿ ನಮ್ಮ ಆಡಳಿತವೂ ನಮ್ಮ ಮನಸ್ಸೂ ಏಕಕಾಲದಲ್ಲಿ ತಿದ್ದಿಕೊಳ್ಳಲು ಆರಂಭಿಸುತ್ತವೆ.